ನಾಲ್ಕನೆಯ ನಟ್ಟು

ನನ್ನ ಗಂಡ ಧನಬೀರ ನಮ್ಮೂರು ಮಾನೆಭಂಜಾಂಗಿನಲ್ಲೇ ಅತಿ ದಡ್ಡ ಮೆಕ್ಯಾನಿಕ್. ಅವನು ಸತ್ತ ಮೇಲೆ, ಅದೇ ವರ್ಷ ಇದು ನಡೆಯಿತು. ಬೆಟ್ಟದ ಮೇಲಿದ್ದ ಸೊಸೆಗೆ ಹೆರಿಗೆ ನೋವು. ಕರೆತರಲು ಇದ್ದದ್ದು ಅವನ ಹಳೆಯ ಪೆಟ್ರೋಲ್ ಜೀಪು ಒಂದೇ, ಅದೂ ಕೆಟ್ಟು ನಿಂತಿತ್ತು. ಎಂಜಿನ್ನಿನ ಮೇಲೆ ಹೊಸ ಗ್ಯಾಸ್ಕೆಟ್ ಹಾಳೆ ಹಾಸಿ, ಅದರ ಮೇಲೆ ಮುಚ್ಚಳದಂತೆ ಸಿಲಿಂಡರ್ ಹೆಡ್ ಕೂರಿಸಿ, ನಟ್ಟುಗಳನ್ನು ನಡುವಿನಿಂದ ಹೊರಕ್ಕೆ ನಾನೇ ಬಿಗಿದೆ. ಕೈ ಒರೆಸಿಕೊಳ್ಳುವಷ್ಟರಲ್ಲಿ ನಾಲ್ಕನೆಯದು ಸಡಿಲವಾಗಿತ್ತು. ಬಿಗಿದರೆ ಮತ್ತೆ ಸಡಿಲ. ಉಳಿದವು ಕೊರೆಯುವಷ್ಟು ತಣ್ಣಗಿದ್ದರೂ ಅದೊಂದು ಯಾರೋ ಅಂಗೈಯಲ್ಲಿಟ್ಟುಕೊಂಡಿದ್ದಂತೆ ಬೆಚ್ಚಗಿತ್ತು.

“ಅಣ್ಣಾನೇ ಬಂದಿರೋದು, ಅತ್ತಿಗೆ,” ಎಂದು ಮೈದುನ ಹಿಂದೆ ಸರಿದ.

“ಬರ್ಲಿ ಬಿಡೋ! ಬದುಕಿದ್ದಾಗ ಒಂದು ನಟ್ಟು ನೆಟ್ಟಗೆ ಬಿಗೀಲಿಲ್ಲ, ಈಗ ನಾ ಬಿಗಿದಿದ್ದನ್ನ ಬಿಚ್ತಾನಾ?”

ಬೈಯುತ್ತಲೇ, ನೋಡೋಣವೆಂದು ಎಲ್ಲ ನಟ್ಟು ಬಿಚ್ಚಿ ಹೆಡ್ ಎತ್ತಿದೆ. ಗ್ಯಾಸ್ಕೆಟ್ಟನ್ನು ನಾನೇ ತಲೆಕೆಳಗಾಗಿ ಹಾಸಿದ್ದೆ. ಎಂಜಿನ್ ತಣಿಸುವ ನೀರಿನ ದಾರಿ ಮುಚ್ಚಿತ್ತು; ಹಾಗೇ ಹೊರಟಿದ್ದರೆ ಜೀಪು ಕಾದು ದಾರಿಯಲ್ಲೇ ನಿಲ್ಲುತ್ತಿತ್ತು. ತಿರುಗಿಸಿ ಹಾಸಿದ ಮೇಲೆ ನಟ್ಟು ಅಲುಗಲಿಲ್ಲ. ಸೊಸೆ ಆಸ್ಪತ್ರೆಯಲ್ಲೇ ಹೆತ್ತಳು.

ಬಿಚ್ಚಿದ್ದು ಅಣ್ಣನೇ ಎಂದು ಮೈದುನ ಇಂದಿಗೂ ಹೇಳುತ್ತಾನೆ. ಗ್ಯಾಸ್ಕೆಟ್ಟಿಗೆ ಮೇಲು-ಕೆಳಗು ಇದೆಯೆಂದು ಧನಬೀರನಿಗೆ ಸಾಯುವವರೆಗೂ ಗೊತ್ತಿರಲಿಲ್ಲ.