ನೋವಾದ್ರ ಬರ್ರಿ

ಪ್ಲಾಸ್ಟರ್ ಕತ್ತರಿಸಿದ ಕೂಡಲೇ ವಾರ್ಡಿನ ಕಿಟಕಿಗಳನ್ನೆಲ್ಲ ತೆರೆಯಬೇಕಾಯಿತು. ಬಸ್ಸಮ್ಮನ ಬಲಗಾಲಿನ ಹಿಮ್ಮಡಿ ಕಪ್ಪಾಗಿ ಕೊಳೆತು ಎಲುಬು ಕಾಣುತ್ತಿತ್ತು. ಅಷ್ಟಾದರೂ ಆಕೆ ನರಳಿರಲಿಲ್ಲ. ಮೂರು ದಿನದ ಜ್ವರದಲ್ಲಿ ಬಂದಿದ್ದ ಆಕೆಯ ಕಾಲನ್ನು ಡಾಕ್ಟರ್ ಹನುಮಂತರಾವ್ ಅಂದೇ ಮೊಣಕಾಲಿನ ಕೆಳಗೆ ತೆಗೆದರು.

ಹದಿನೆಂಟು ದಿನದ ಹಿಂದೆ ಆ ಪ್ಲಾಸ್ಟರ್ ಹಾಕಿದವನು ಉರುಕುಂದಪ್ಪ. ರಾಯಚೂರಿನ ಆ ನರ್ಸಿಂಗ್ ಹೋಮಿನಲ್ಲಿ ಹನ್ನೊಂದು ವರ್ಷದಿಂದ ಮುರಿದ ಕೈಕಾಲಿಗೆಲ್ಲ ಅವನದೇ ಕೈ. ಬಸ್ಸಮ್ಮನದು ಮುರಿದ ಕಾಲಲ್ಲ, ಸಕ್ಕರೆ ಕಾಯಿಲೆಯ ಕಾಲು. ಹೆಬ್ಬೆರಳಿನ ಬುಡದಲ್ಲಿ ಮಾಯದ ಹುಣ್ಣು. ಪಾದ ಎಷ್ಟು ಜಡವೆಂದರೆ ಮುಳ್ಳು ನೆಟ್ಟರೂ ತಿಳಿಯದು. ಭಾರವನ್ನು ಪ್ಲಾಸ್ಟರ್ ಹೊತ್ತರೆ ಹುಣ್ಣು ಮಾಯುತ್ತದೆ ಎಂಬ ಹೊಸ ಪದ್ಧತಿಯನ್ನು ಡಾಕ್ಟರು ಆ ವರ್ಷ, ಎಂಬತ್ತಮೂರರಲ್ಲಿ, ಕಲಿತು ಬಂದಿದ್ದರು. ನೀರು ತಾಗಬಾರದು, ಎಂಟು ದಿನಕ್ಕೆ ಬಿಚ್ಚಲೇಬೇಕು ಎಂದು ಚೀಟಿಯಲ್ಲಿ ಬರೆದಿದ್ದರು. ಉರುಕುಂದಪ್ಪ ಚೀಟಿಯನ್ನು ಮಗನ ಕೈಗಿಟ್ಟು, ಎಲ್ಲರಿಗೂ ಹೇಳುವ ಎರಡು ಮಾತು ಹೇಳಿ, ಗೇಟಿನವರೆಗೆ ಬಿಟ್ಟು ಬಂದಿದ್ದ.

ಮಗ ಗದ್ದೆಪ್ಪ ಜಾಲಹಳ್ಳಿಯಲ್ಲಿ ಮಾಸ್ತರ. ಅರಕೇರಾದಲ್ಲಿ ಕೂಲಿ ಮಾಡಿ ಓದಿಸಿದ ತಾಯಿಯನ್ನು ಜತೆಗೇ ಇಟ್ಟುಕೊಂಡಿದ್ದ. ಆಪರೇಷನ್ ಆದ ಸಂಜೆ ಅವನು ವರಾಂಡದಲ್ಲಿ ನಿಂತು, ಹುಣ್ಣಿದ್ದದ್ದು ಬೆರಳಿಗೆ, ಕೊಳೆತದ್ದು ಹಿಮ್ಮಡಿ, ಇದು ಪ್ಲಾಸ್ಟರ್ ಹಾಕಿದವನ ಕೆಲಸ, ಕೋರ್ಟಿಗೆ ಎಳೆಯುತ್ತೇನೆ ಎಂದ. ಡಾಕ್ಟರು ಉರುಕುಂದಪ್ಪನನ್ನು ಕರೆದು, ಇದು ಇತ್ಯರ್ಥವಾಗುವವರೆಗೆ ಯಾರ ಕಾಲನ್ನೂ ಮುಟ್ಟಬೇಡ ಎಂದರು. ಅವನಿಗೆ ತಲೆಯೆತ್ತಿ ವಾರ್ಡು ದಾಟಲಾಗಲಿಲ್ಲ.

ನೇರ ಕುಬ್ರಾ ಬೇಗಂ ಕೋಣೆಗೆ ಹೋದ. ಆಸ್ಪತ್ರೆಯ ಹಿಂದಿನ ಎರಡು ಕೋಣೆಗಳಲ್ಲೇ ವಾಸವಾಗಿದ್ದ ಮುಖ್ಯ ನರ್ಸ್ ಆಕೆ. ಕಳುವಾದ ಉಂಗುರ, ಅದಲುಬದಲಾದ ಔಷಧಿ, ಹೆಸರಿಲ್ಲದ ಪತ್ರ ಎಲ್ಲದರ ಜಾಡನ್ನೂ ಆಕೆ ಕುಳಿತಲ್ಲೇ ಹಿಡಿದಿದ್ದಳು, ಓಡಾಟ ಉರುಕುಂದಪ್ಪನದು. ಕತ್ತರಿಸಿದ ಪ್ಲಾಸ್ಟರನ್ನು ಕಸಕ್ಕೆ ಬಿಡದೆ ಆಕೆ ಆಗಲೇ ಹಳೇ ಪೇಪರಿನ ಮೇಲೆ ಇಟ್ಟುಕೊಂಡಿದ್ದಳು.

"ಇದು ನಿನ್ನ ಕೈಯಾಗಿನ ಕೆಲಸ ಹೌದೇನು, ನೋಡಿ ಹೇಳು," ಎಂದಳು.

ಅವನು ನೋಡಿದ. ಹಿಮ್ಮಡಿಯ ಹತ್ತಿರ ಪ್ಲಾಸ್ಟರ್ ಒಳಕ್ಕೆ ಮಡಿಚಿಕೊಂಡು, ಕತ್ತಿಯ ಬೆನ್ನಿನಂತೆ ಗಟ್ಟಿ ಏಣು ಎದ್ದಿತ್ತು. ಅದರ ಮೇಲೆ ಹೊರಗಿನಿಂದ ಅಂಗೈಯಗಲ ತೇಪೆ. ತೇಪೆಯನ್ನು ಮುರಿದರೆ ಒಳಗೆ ಬಟ್ಟೆಯ ಎಳೆ ಒಂದೂ ಇರಲಿಲ್ಲ, ಬರೀ ಪುಡಿ ಕಲಸಿ ಮೆತ್ತಿದ್ದು. ಅದರಲ್ಲೊಂದು ಕಡೆ ನೀಲಿ ಬಣ್ಣದ ಚುಕ್ಕೆ. ಒಳಗಿನ ಹತ್ತಿಯನ್ನು ಬಿಡಿಸಿದರೆ ಸಣ್ಣ ಮರಳು ಉದುರಿತು.

ಮರುದಿನ ಕುಬ್ರಾ ಬೇಗಂ ಅವನನ್ನು ಎರಡು ಕಡೆ ಕಳಿಸಿದಳು. ಬಸ್ ನಿಲ್ದಾಣದಲ್ಲಿ ದೇವದುರ್ಗದ ದಾರಿಯ ಕಂಡಕ್ಟರ್ ಖಾಜಾಮಿಯಾ ಸಿಕ್ಕ. ಬಸ್ಸಮ್ಮ ಊರಿಗೆ ಮರಳಿದ ದಿನ ಹಳ್ಳ ಬಂದು ಬಸ್ಸು ಈಚೆಯೇ ನಿಂತಿತ್ತು, ಜನ ಮೊಣಕಾಲುದ್ದ ನೀರಿನಲ್ಲಿ ದಾಟಿದ್ದರು, ಮುದುಕರನ್ನು ಬೆನ್ನ ಮೇಲೆ ಹೊತ್ತಿದ್ದರು ಎಂದ. ಅಲ್ಲಿಂದ ಜಾಲಹಳ್ಳಿಯ ಶಾಲೆಗೆ ಹೋದ. ಅಲ್ಲಿ ಗದ್ದೆಪ್ಪ ಮಕ್ಕಳಿಗಾಗಿ ಪ್ಲಾಸ್ಟರ್ ಪುಡಿಯಲ್ಲಿ ಮಾಡಿದ ಜಿಲ್ಲೆಯ ನಕಾಶೆ ಇತ್ತು. ಕೃಷ್ಣಾ, ತುಂಗಭದ್ರಾ ಎರಡಕ್ಕೂ ನೀಲಿ ಬಳಿದಿತ್ತು.

ಮರಳುವ ಬಸ್ಸಿನಲ್ಲಿ ಉರುಕುಂದಪ್ಪ ಹಗುರಾಗಿದ್ದ. ತಾನು ಉಳಿದೆ ಎಂಬ ಖುಷಿಯಲ್ಲಿ ಬಸ್ಸಮ್ಮನ ಕಾಲು ಒಮ್ಮೆಯೂ ನೆನಪಾಗಲಿಲ್ಲ.

ಮೂರನೆಯ ದಿನ ಕುಬ್ರಾ ಬೇಗಂ ಡಾಕ್ಟರ ಕೋಣೆಯಲ್ಲಿ ಗದ್ದೆಪ್ಪನನ್ನೂ ಉರುಕುಂದಪ್ಪನನ್ನೂ ಕೂರಿಸಿ, ಪ್ಲಾಸ್ಟರನ್ನು ಮೇಜಿನ ಮೇಲಿಟ್ಟಳು. ದನಿ ಎತ್ತದೆ ಒಂದೊಂದೇ ಹೇಳಿದಳು. ಮರಳು ಒಳಗೆ ಹೋಗಬೇಕಾದರೆ ಕಾಲು ಹರಿಯುವ ನೀರಿನಲ್ಲಿ ಮುಳುಗಿರಬೇಕು. ನೆನೆದು ಮೆತ್ತಗಾದ ಪ್ಲಾಸ್ಟರ್ ಮೇಲೆ ನಡೆದದ್ದರಿಂದ ಹಿಮ್ಮಡಿಯಲ್ಲಿ ಮಡಿಕೆ ಬಿತ್ತು. ಮಡಿಕೆ ಬಿಚ್ಚದೆ ಮೇಲೆ ತೇಪೆ ಮೆತ್ತಿದ್ದರಿಂದ ಅದು ಅಲ್ಲೇ ಕಲ್ಲಾಯಿತು. ಆಸ್ಪತ್ರೆಯ ಪ್ಲಾಸ್ಟರ್ ಪಟ್ಟಿಯಲ್ಲಿ ಬಟ್ಟೆ ಇರುತ್ತದೆ, ತೇಪೆಯಲ್ಲಿ ಇಲ್ಲ. ನೀಲಿ ಚುಕ್ಕೆ ಎಲ್ಲಿಯದು ಎಂದು ಮಾತ್ರ ಹೇಳಲಿಲ್ಲ. ಗದ್ದೆಪ್ಪನ ಮುಖ ನೋಡಿದಳು.

ಅವನು ತೇಪೆಯ ನೀಲಿ ಚುಕ್ಕೆಯ ಮೇಲೆ ಬೆರಳಿಟ್ಟ. "ಹಳ್ಳದ ಆಚೀ ದಂಡ್ಯಾಗ ನಮ್ಮ ಹೆಡ್ ಮಾಸ್ತರ್ ಇದ್ದರು, ಸಾಲಿ ಹುಡುಗುರಿದ್ರು," ಎಂದ. "ಯವ್ವ ಬೆನ್ನ ಮ್ಯಾಲ ಹೊತ್ಕೋ ಅಂದ್ಳು. ಅವರ ಕಣ್ಣಮುಂದ ಹ್ಯಾಂಗ ಹೊರೂದು ಅನಿಸ್ತು. ಇಷ್ಟ ನೀರದ, ನಡೀ ಯವ್ವಾ ಅಂದೆ. ಮರುದಿನ ಪ್ಲಾಸ್ಟರ್ ಬಿರುಕು ಬಿಟ್ಟಿತ್ತು. ಇಲ್ಲಿ ತಂದ್ರ ಹ್ಯಾಂಗ ನೆನೀತು ಅಂತ ಕೇಳ್ತೀರಿ, ಏನ್ ಹೇಳ್ಲಿ? ಅದಕ್ಕ ನಾನ ಮೆತ್ತಿದೆ."

ಡಾಕ್ಟರು ಉಸಿರು ಬಿಟ್ಟು ಕುರ್ಚಿಗೆ ಒರಗಿದರು. ಹಾಗಾದರೆ ನಮ್ಮ ಕಡೆಯಿಂದ ತಪ್ಪಿಲ್ಲ ಎಂದು ಬರೆದುಕೊಡಿ ಎಂದು ಕಾಗದ ಮುಂದಿಟ್ಟರು. ಕುಬ್ರಾ ಬೇಗಂ ಕಾಗದದ ಮೇಲೆ ಕೈಯಿಟ್ಟಳು.

"ಇನ್ನೂ ಒಂದದ. ಮಾಸ್ತರೇ, ಎಂಟನೇ ದಿನ ಯಾಕ ಬರಲಿಲ್ಲ? ಅವತ್ತು ಬಿಚ್ಚಿದ್ದರ ಕಾಲು ಉಳೀತಿತ್ತೇನೋ. ಚೀಟಿ ಓದಾಕ ನಿಮಗ ಬರ್ತದ."

"ಓದಿದ್ದೆರೀ. ಆದರ ಇವರು ಬಾಯಿಲೆ ಬ್ಯಾರೆ ಹೇಳಿದ್ದರು," ಎಂದು ಗದ್ದೆಪ್ಪ ಉರುಕುಂದಪ್ಪನತ್ತ ಕೈ ಮಾಡಿದ. "ಗಾಬರಿ ಆಗಬ್ಯಾಡ್ರಿ, ನೋವಾದ್ರ ಬರ್ರಿ ಅಂದ್ರು. ದಿನಾ ಯವ್ವನ್ನ ಕೇಳ್ತಿದ್ದೆ. ನೋವಿಲ್ಲ ಅಂತಿದ್ಳು."

ಉರುಕುಂದಪ್ಪನಿಗೆ ಗೇಟಿನ ಹತ್ತಿರ ತನ್ನದೇ ದನಿ ಕೇಳಿಸಿದಂತಾಯಿತು. ಎಲುಬು ಮುರಿದವರಿಗೆಲ್ಲ ಸಾವಿರ ಸಲ ಹೇಳಿದ ಮಾತು. ಮುಳ್ಳು ಚುಚ್ಚಿದರೂ ತಿಳಿಯದ ಕಾಲಿಗೆ ಆ ಮಾತನ್ನು, ಅದೇ ಕಾಲನ್ನು ಕೈಯಲ್ಲಿ ಹಿಡಿದು ಪಟ್ಟಿ ಸುತ್ತಿದವನು ತಾನೇ ಹೇಳಿದ್ದ. ಕುಬ್ರಾ ಬೇಗಂ ಅವನ ಕಡೆ ನೋಡಲಿಲ್ಲ. ಅವಳಿಗೆ ಮೊದಲ ದಿನವೇ ಆ ಮಾತಿನ ಬಗ್ಗೆ ಅನುಮಾನವಿತ್ತೆಂದು ಅವನಿಗೆ ಆಗ ತಿಳಿಯಿತು.

"ನೆನೆಸಿದವರು ಒಬ್ಬರು, ನೋವು ಬರೂತನಕ ಕಾಯಿಸಿದವರು ಒಬ್ಬರು," ಎಂದಳು ಆಕೆ. "ಚೀಟಿ ಬರದು, ಯಾಕ ಬರದೇವಿ ಅಂತ ತಿಳಿಸಿ ಹೇಳದವರು ನಾವೂ ಅದೀವಿ, ಡಾಕ್ಟರ್ ಸಾಹೇಬ್ರ. ಜ್ವರ ಬಂದ್ರ, ವಾಸನಿ ಬಂದ್ರ, ನೆನದ್ರ, ಸಡಿಲಾದ್ರ ಅವತ್ತ ಬರಬೇಕು. ನೋವನ್ನ ಕಾಯೋ ಹಾಂಗಿಲ್ಲ. ಇದನ್ನ ಆಕಿಗೆ ಯಾರೂ ಹೇಳಲಿಲ್ಲ."

ಡಾಕ್ಟರು ಕಾಗದವನ್ನು ಹಿಂದಕ್ಕೆ ತೆಗೆದುಕೊಂಡರು. ಗದ್ದೆಪ್ಪ ಕೋರ್ಟಿನ ಮಾತೆತ್ತಲಿಲ್ಲ. ಯಾರೂ ಯಾರ ಮುಖವನ್ನೂ ನೋಡದೆ ಎದ್ದರು.

ಗದ್ದೆಪ್ಪ ಮೊದಲು ವಾರ್ಡಿಗೆ ಹೋದ, ಕಣ್ಣೊರೆಸಿಕೊಳ್ಳುತ್ತ ಹೊರಬಂದ. ಆಮೇಲೆ ಡಾಕ್ಟರು ಹೋಗಿ ಸ್ವಲ್ಪ ಹೊತ್ತು ನಿಂತು ಬಂದರು. ಕೊನೆಗೆ ಉರುಕುಂದಪ್ಪ ಹೋಗಿ ಮಂಚದ ಪಕ್ಕ ನೆಲದ ಮೇಲೆ ಕುಳಿತ. ತಾನು ಹೇಳಿದ್ದೇನು, ಹೇಳಬೇಕಾಗಿದ್ದದ್ದೇನು ಎಂಬುದನ್ನು ತಡವರಿಸುತ್ತ ಹೇಳಿ ಅತ್ತುಬಿಟ್ಟ.

ಬಸ್ಸಮ್ಮ ಅವನ ತಲೆಯ ಮೇಲೆ ಕೈಯಿಟ್ಟು ಸಮಾಧಾನ ಮಾಡಿದಳು. ಅವನ ಅಳು ನಿಂತ ಮೇಲೆ, ಚಾದರದ ಕೆಳಗೆ ಒಂದು ಪಾದದ ಗುರುತಷ್ಟೇ ಇದ್ದ ಕಡೆ ನೋಡಿದಳು.

"ಒಬ್ಬೊಬ್ಬರ ಬಂದು ತಪ್ಪಾತು ಅಂತ ಅತ್ತು ಹೋಗಾಕತ್ತೀರಿ," ಎಂದಳು. "ಎಲ್ಲಾರನೂ ನಾನ ರಮಿಸೀನಿ. ಹೋದದ್ದು ನನ್ನ ಕಾಲಪ್ಪಾ. ನಾ ಯಾವಾಗ ಅಳ್ಲಿ?"