ಎದುರು ಪಕ್ಷದ ಹುಡುಗ

“ನೈಸ್ ಟು ಮೀಟ್ ಯೂ,” ಎನ್ನುತ್ತಾ ನಚಿಕೇತ ಕೈ ಚಾಚಿದ.

ಇಂಚರಾ ಆ ಕೈಯನ್ನೇ ನೋಡಿದಳು. ಮೊನ್ನೆ ಭಾನುವಾರ ಲಂಡನ್ನಿನ ಅಂಚಿನ ಅಕ್ಸ್‌ಬ್ರಿಡ್ಜಿನಲ್ಲಿರುವ ಅವನ ಫ್ಲಾಟಿನಲ್ಲಿ ಇದೇ ಕೈ ಅವಳಿಗೆಂದು ರೊಟ್ಟಿ ಬಡಿದಿತ್ತು. ಈಗ ಹೋಲ್ಬರ್ನ್‌ನ ಈ ಕಾನ್ಫರೆನ್ಸ್ ರೂಮಿನಲ್ಲಿ, ಎರಡೂ ಕಡೆಯ ವಕೀಲರ ಎದುರಿಗೆ, ಅವಳ ಬೆರಳುಗಳನ್ನು ತೀರಾ ಸಭ್ಯವಾಗಿ ಮುಟ್ಟಿ ಬಿಟ್ಟುಬಿಟ್ಟಿತು.

ಅವನನ್ನು ಬಯ್ಯುವಂತೆಯೂ ಇರಲಿಲ್ಲ. ಗೊತ್ತಿರುವವರ ಮುಂದೆ ನಾವಿಬ್ಬರೂ ಅಪರಿಚಿತರು ಎಂದು ಷರತ್ತು ಹಾಕಿದವಳು ಅವಳೇ. ಸಟನ್‌ನಲ್ಲಿ ಡಾಕ್ಟರಾಗಿರುವ ಅವಳ ಅಮ್ಮ ಮೀರಾ ಮಗಳಿಗೂ ಒಬ್ಬ ಡಾಕ್ಟರನ್ನೇ ಹುಡುಕುತ್ತಿದ್ದರು. ಅವರ ಮುಂದೆ ಔಷಧ ಕಂಪನಿಯ ಲ್ಯಾಬಿನಲ್ಲಿ ಕೆಮಿಸ್ಟಾಗಿರುವ ಧಾರವಾಡದ ಈ ಹುಡುಗನ ಹೆಸರೆತ್ತಲು ಅವಳಿಗೆ ಧೈರ್ಯ ಸಾಲದೆ ಒಂದು ವರ್ಷವೇ ಕಳೆದುಹೋಗಿತ್ತು. “ನಿಮ್ಮ ಅಮ್ಮಗ ಯಾವಾಗ ಹೇಳ್ತಿ?” ಎಂದು ಅವನು ಕೇಳಿದಾಗಲೆಲ್ಲ ನಕ್ಕು ಮಾತು ತೇಲಿಸಿಬಿಡುತ್ತಿದ್ದಳು.

ಇವತ್ತಿನ ಫಜೀತಿ ಅದಕ್ಕಿಂತ ದೊಡ್ಡದು. ಸಹೋದ್ಯೋಗಿಯೊಬ್ಬ ಜ್ವರ ಬಂದು ಮಲಗಿದ್ದರಿಂದ ನಿನ್ನೆ ಸಂಜೆಯಷ್ಟೇ ಈ ಕೇಸು ಅವಳ ಪಾಲಿಗೆ ಬಂದಿತ್ತು. ಎದುರು ಪಕ್ಷ ನಚಿಕೇತ ಕೆಲಸ ಮಾಡುವ ಕಂಪನಿ. ‘ಅಲ್ಲಿ ನನಗೆ ಬೇಕಾದವನೊಬ್ಬ ಇದ್ದಾನೆ’ ಎಂದು ತಕ್ಷಣ ತನ್ನ ಸೀನಿಯರ್ ಫಿಲಿಪ್ಪಾಗೆ ಹೇಳಬೇಕಿತ್ತು. ವಕೀಲರಿಗೆ ಅದು ಕಡ್ಡಾಯ. ಆದರೆ ಇಂಥ ಕೇಸಿಗಾಗಿ ಅವಳು ಎಷ್ಟು ಆಸೆಪಟ್ಟಿದ್ದಳು! ಅವನು ಲ್ಯಾಬಿನಲ್ಲಿರುವವನು, ಮೀಟಿಂಗಿಗೆಲ್ಲಿ ಬರುತ್ತಾನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಮಹಾರಾಯ ಬಂದೇಬಿಟ್ಟಿದ್ದ.

ಜಗಳ ಮೂರ್ಛೆರೋಗದ ಒಂದು ಮಾತ್ರೆಯದು. ಅದರ ಅಮೆರಿಕದ ಪೇಟೆಂಟನ್ನು ರದ್ದು ಮಾಡಿ ಎಂದು ನಚಿಕೇತನ ಕಂಪನಿ ಅಲ್ಲಿನ ಪೇಟೆಂಟ್ ಮಂಡಳಿಗೆ ಅರ್ಜಿ ಹಾಕಿತ್ತು. ಗೆದ್ದರೆ ಅದೇ ಮಾತ್ರೆಯನ್ನು ಅಗ್ಗವಾಗಿ ಮಾರಬಹುದು. ಪೇಟೆಂಟಿನ ಒಡೆಯರಾದ ಇಂಚರಾಳ ಕಕ್ಷಿದಾರರು ಸುಮ್ಮನಿರಲಿಲ್ಲ. ಪೇಟೆಂಟನ್ನು ಪುಟ್ಟದೊಂದು ದ್ವೀಪರಾಷ್ಟ್ರದ ಸರ್ಕಾರಕ್ಕೆ ಮಾರಿ, ಮಾತ್ರೆ ಮಾಡುವ ಹಕ್ಕನ್ನು ಅದರಿಂದಲೇ ಮರಳಿ ಪಡೆದಿದ್ದರು.

“ಪೇಟೆಂಟ್ ಈಗ ಒಂದು ಸಾರ್ವಭೌಮ ರಾಷ್ಟ್ರದ್ದು,” ಎಂದಳು ಫಿಲಿಪ್ಪಾ. “ಆ ರಾಷ್ಟ್ರ ಒಪ್ಪದೆ ಅದನ್ನು ಯಾರೂ ಮಂಡಳಿಯ ಮುಂದೆ ಎಳೆಯುವಂತಿಲ್ಲ. ನಿಮ್ಮ ಅರ್ಜಿ ವಾಪಸ್ ತೆಗೆದುಕೊಳ್ಳಿ.”

“ಮಾತ್ರೆ ಅದೇ, ಮಾಡುವವರೂ ನೀವೇ,” ನಚಿಕೇತ ಇಂಗ್ಲಿಷಿನಲ್ಲೇ ಮೆಲ್ಲಗೆ ಹೇಳಿದ. “ಉತ್ತರ ಕೊಡಬೇಕಾಗಿ ಬಂದಾಗ ಮಾತ್ರ, ಅದು ನಮ್ಮದಲ್ಲ ಅಂತೀರಿ.”

ಹೇಳುತ್ತಲೇ ಅವನ ಕಣ್ಣು ಇಂಚರಾಳ ಮೇಲೆ ಬಿದ್ದು, ಅಲ್ಲೇ ಅರೆಗಳಿಗೆ ನಿಂತು, ಫೈಲಿನ ಕಡೆ ಸರಿಯಿತು. ಅವಳ ಕಿವಿ ಬಿಸಿಯಾಯಿತು. ಹೇಳಿದ್ದು ಪೇಟೆಂಟಿಗೋ, ತನಗೋ? ಮುಂದೆ ಯಾರು ಏನು ಹೇಳಿದರೆಂಬುದು ಅವಳ ತಲೆಗೆ ಹೋಗಲಿಲ್ಲ.

ಮಾತುಕತೆ ಮುರಿದುಬಿತ್ತು. ಎಲ್ಲರೂ ಎದ್ದರು. ನಚಿಕೇತ ಬ್ಯಾಗು ಹೆಗಲಿಗೇರಿಸಿ ಬಾಗಿಲ ಹತ್ತಿರ ಹೋಗಿದ್ದ. ಎಸಿಯ ಚಳಿಗೆ ಇಂಚರಾ ಸೀನಿದಳು, ಒಂದೇ ಸಲ.

ಹೊರಡುವ ಹೊತ್ತಿಗೆ ಒಂಟಿ ಸೀನು ಕೇಳಿದರೆ ಮರಳಿ ಕೂತು, ನೀರು ಕುಡಿದು ಏಳಬೇಕೆನ್ನುವ ಮನೆಯಲ್ಲಿ ಬೆಳೆದವನು ನಚಿಕೇತ. ಪಿಎಚ್‌ಡಿ ಮಾಡಿದರೂ ಆ ಅಭ್ಯಾಸ ಬಿಟ್ಟಿರಲಿಲ್ಲ. ಗಿರಕ್ಕನೆ ತಿರುಗಿ ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕೂತೇಬಿಟ್ಟ.

“ಒಂಟಿ ಸೀನು ಆತಲ್ಲ, ಇಂಚು! ಕೂಡು, ನೀರು ಕುಡಿ ಮೊದಲ,” ಎಂದು ಲೋಟ ತುಂಬಿಸಿ ಅವಳ ಕೈಗೇ ಕೊಟ್ಟ.

ಎಲ್ಲರೂ ತಿರುಗಿ ನೋಡಿದರು. ಅಲ್ಲಿ ಇನ್ಯಾರಿಗೂ ಕನ್ನಡ ಬರುತ್ತಿರಲಿಲ್ಲ. ಬರಬೇಕಾದ ಅಗತ್ಯವೂ ಇರಲಿಲ್ಲ.

“ನಿಮ್ಮಿಬ್ಬರಿಗೂ ಮೊದಲೇ ಪರಿಚಯವಿದೆಯಾ?” ಫಿಲಿಪ್ಪಾ ಕೇಳಿದಳು.

ನಚಿಕೇತನ ಮುಖ ಬಿಳಿಚಿಕೊಂಡಿತು. “ಇಲ್ಲ, ಇಲ್ಲ. ಹೆಸರು ಕೇಳಿ ನಮ್ಮ ಕಡೆಯವರು ಅನ್ನಿಸಿತು. ನಮ್ಮೂರಲ್ಲಿ ಯಾರನ್ನೇ ಆದರೂ ಹೀಗೇ ಮಾತಾಡಿಸುತ್ತೇವೆ.”

ಫಿಲಿಪ್ಪಾ ನಂಬಿದಂತೆ ಕಂಡಿತು. ಇಂಚರಾ ತಲೆಯಾಡಿಸಿದ್ದರೆ ಸಾಕಿತ್ತು. ಕೇಸೂ ಉಳಿಯುತ್ತಿತ್ತು, ಕೆಲಸವೂ ಉಳಿಯುತ್ತಿತ್ತು. ತಲೆಯಾಡಿಸು ಎಂದು ಅವನ ಕಣ್ಣುಗಳೂ ಬೇಡಿಕೊಳ್ಳುತ್ತಿದ್ದವು. ತನಗಾಗಿ ಅವನು ತಮ್ಮಿಬ್ಬರ ನಂಟನ್ನೇ ಇಲ್ಲವೆಂದುಬಿಟ್ಟಿದ್ದ. ಇಂಚರಾ ಲೋಟ ಕೆಳಗಿಟ್ಟಳು.

“ಪರಿಚಯವಿದೆ,” ಎಂದಳು. “ಒಂದು ವರ್ಷದಿಂದ ನಾವು ಪ್ರೀತಿಸುತ್ತಿದ್ದೇವೆ. ಕೇಸಿನ ಬಗ್ಗೆ ಒಂದು ಮಾತೂ ಆಡಿಲ್ಲ. ಆದರೆ ನಿನ್ನೆಯೇ ನಿಮಗೆ ಹೇಳಬೇಕಿತ್ತು. ಹೆದರಿ ಹೇಳಲಿಲ್ಲ. ಅವನದೇನೂ ತಪ್ಪಿಲ್ಲ.”

ಫಿಲಿಪ್ಪಾ ಸಿಟ್ಟು ಮಾಡಿದ್ದರೇ ಚೆನ್ನಾಗಿತ್ತು. “ಹೇಳಿದ್ದರೆ ಬೇರೆಯವರನ್ನು ಕೂರಿಸುತ್ತಿದ್ದೆ, ಅಷ್ಟೇ ತಾನೇ?” ಎಂದು ನಿಟ್ಟುಸಿರಿಟ್ಟಳು. “ಲ್ಯಾಪ್‌ಟಾಪ್ ಇಲ್ಲೇ ಇಟ್ಟು ಮನೆಗೆ ಹೋಗು. ಮುಂದಿನದನ್ನು ಆಫೀಸು ತಿಳಿಸುತ್ತದೆ.”

ಇಂಚರಾ ರಸ್ತೆಗೆ ಬಂದು ಉಸಿರು ಬಿಡುವಷ್ಟರಲ್ಲಿ ನಚಿಕೇತ ಓಡುತ್ತಾ ಬಂದ. ಅವನ ಕಡೆಯವರೂ ಅವನನ್ನು ಹೊರಗೆ ಕಳಿಸಿದ್ದರು.

“ನೌಕರಿ ಹೋತೇನು?”

“ಗೊತ್ತಿಲ್ಲ. ಹೋದ್ರೂ ಹೋಗ್ಬೋದು.”

“ನಾ ಸುಳ್ಳು ಹೇಳಿದ್ನಲ್ಲ, ಹೂಂ ಅನ್ನಲಿಕ್ಕೆ ಏನಾಗಿತ್ತು ನಿನಗ? ನನ್ನ ಬಾಯಿಗೆ ಬೆಂಕಿ ಹಾಕ...”

“ಎಷ್ಟು ಚೆನ್ನಾಗಿ ಹೇಳ್ದೆ ಗೊತ್ತಾ? ನಾನೇ ನಂಬ್ಬಿಡ್ತಿದ್ದೆ.” ಅವಳ ಕಣ್ಣು ತುಂಬಿತು. “ನೀನು ನನಗೆ ಯಾರೂ ಅಲ್ಲ ಅನ್ನೋದನ್ನ ನಿನ್ನ ಬಾಯಲ್ಲಿ ಕೇಳೋಕಾಗ್ಲಿಲ್ಲ ಕಣೋ.”

ಅವಳು ಫೋನ್ ತೆಗೆದು ಅಮ್ಮನಿಗೆ ಹಚ್ಚಿದಳು.

“ಅಮ್ಮಾ, ಇವತ್ತು ಆಫ್ ಅಲ್ವಾ? ಊಟಕ್ಕೆ ಬರ್ತಿದೀನಿ. ಜೊತೇಲಿ ನಚಿಕೇತ ಅಂತ ಬರ್ತಿದಾನೆ. ನಾನು ಮದ್ವೆ ಆಗೋ ಹುಡುಗ.”

ಇಂಚರಾ ಕಣ್ಣು ಮುಚ್ಚಿಕೊಂಡು ಕಾದಳು.

“ಡಾಕ್ಟರಾ?” ಕೊನೆಗೆ ಮೀರಾ ಕೇಳಿದರು.

“ಅಲ್ಲಮ್ಮ.”

“ಕರ್ಕೊಂಡು ಬಾ. ನೋಡ್ತೀನಿ.” ಫೋನ್ ಕಟ್ಟಾಯಿತು.

ಒಂದು ವರ್ಷ ಇದಕ್ಕಾಗಿಯೇ ಅವಳ ಬೆನ್ನು ಬಿದ್ದಿದ್ದ ನಚಿಕೇತನ ಹಣೆಯಲ್ಲಿ ಈಗ ಬೆವರು. “ಇವತ್ತೇನು? ಈಗಿಂದೀಗ? ತಡಿ ತಡಿ, ನಾ ಅವರಿಗೆ ಆಂಟಿ ಅನ್ಲೋ, ಅಮ್ಮ ಅನ್ಲೋ?”

“ಅದನ್ನ ಟ್ರೈನಲ್ಲಿ ಯೋಚ್ನೆ ಮಾಡು,” ಎಂದು ಇಂಚರಾ ಅವನ ಕೈ ಹಿಡಿದುಕೊಂಡಳು, ಆಫೀಸಿನ ಕಿಟಕಿಗಳೆಲ್ಲ ನೋಡುತ್ತಿರುವಾಗಲೇ.