ಅರಿಶಿಣ ಕುಡಿದ ದಾರ

ಭಾನುವಾರ ಸಂಜೆಯೊಳಗೆ ಒಂದು ಟ್ರೌಟ್ ಮೀನು ಅಪ್ಪರ್ ಹಟ್ ಎಂಬ ಊರಿನ ಮನೆ ಸೇರಬೇಕಿತ್ತು.

ಗಂಟಲಿನ ಆಪರೇಷನ್ ಆದಂದಿನಿಂದ ವಾಸುದೇವ್ ಅಂಕಲ್‌ಗೆ ಯಾವ ಊಟವೂ ರುಚಿಸುತ್ತಿರಲಿಲ್ಲ. ಎರಡು ಚಮಚ ಗಂಜಿ ಕುಡಿದು ತಟ್ಟೆ ದೂಡುತ್ತಿದ್ದರು. ಸೋಮವಾರ ಡಾಕ್ಟರ್ ನೋಡುವಷ್ಟರಲ್ಲಿ ತಿನ್ನಲು ಶುರು ಮಾಡದಿದ್ದರೆ ಮೂಗಿಗೆ ಮತ್ತೆ ಊಟದ ನಳಿಕೆ. "ಸರೋವರದ ಟ್ರೌಟ್ ಆದ್ರೆ ತಿಂದು ನೋಡ್ತೆ" ಎಂದಿದ್ದರು ಅವರು. ಅವರು ಬಂದು ನೆಲೆಸಿದ ಈ ದೇಶದಲ್ಲಿ ಟ್ರೌಟ್ ಮಾರಲು ಕಾನೂನೇ ಬಿಡುವುದಿಲ್ಲ. ತಿನ್ನಬೇಕೆಂದರೆ ಹಿಡಿಯಲೇಬೇಕು.

ಅದಕ್ಕೇ ಮಗಳು ರಶ್ಮಿತಾ ನರ್ಸ್ ಕೆಲಸಕ್ಕೆ ರಜೆ ಹಾಕಿ, ಲೈಸೆನ್ಸ್ ಮಾಡಿಸಿ ಹೊರಟಳು. ಜೊತೆಗೆ ಪಕ್ಕದ ಮನೆಯ ಚನ್ನವೀರ. ಇಳಕಲ್‌ನ ನೇಕಾರರ ಮನೆಯ ಹುಡುಗ, ಈಗ ಸೇತುವೆ ಕಟ್ಟುವ ಎಂಜಿನಿಯರ್. ಹುಟ್ಟಿದಾಗಿನಿಂದ ಮೀನು ಮೂಸಿಯೂ ನೋಡದವನು.

"ದಾರ, ಗಂಟು ಏನಿದ್ರೂ ನಂಗ ಹೇಳ್ರಿ ಅಕ್ಕಾ. ಮೀನು ಮಾತ್ರ ನಾ ಮುಟ್ಟಂಗಿಲ್ಲ" ಎಂದು ಅವನು ಮೊದಲೇ ಕರಾರು ಹಾಕಿದ್ದ.

ಹಡಗಿನಲ್ಲಿ ಯೂಟ್ ಗಾಡಿಯ ಸಮೇತ ಜಲಸಂಧಿ ದಾಟಿದರು. ರೊಟೊರೋವ ಸರೋವರದ ದಂಡೆ ಹಿಡಿದು ಇಡೀ ದಿನ ನಡೆದು, ಆಚೆ ತುದಿಯ ಗುಡಿಸಲು ಮುಟ್ಟಿದರು. ಬೀಚ್ ಎಂಬ ಕಾಡುಮರಗಳ ಕಪ್ಪು ಕಾಂಡಕ್ಕೆ ಜೇನಿನಂಥ ಸಿಹಿ ಅಂಟು ಜಿನುಗುತ್ತಿತ್ತು. ಕಾಲಡಿ ಪಾಚಿ ಹಾಸಿಗೆಯಂತೆ ಕುಸಿಯುತ್ತಿತ್ತು. ಸ್ಯಾಂಡ್‌ಫ್ಲೈ ಎಂಬ ಸಣ್ಣ ನೊಣಗಳು ಚನ್ನವೀರನ ಕಿವಿಯನ್ನು ಬಿಟ್ಟೂ ಬಿಡದೆ ಕಚ್ಚಿದವು. ಸರೋವರದ ನೀರೋ, ಮೂರಾಳು ಆಳದ ಕಲ್ಲನ್ನೂ ಎಣಿಸಬಹುದಿತ್ತು. ಅಷ್ಟು ತಿಳಿನೀರೇ ಮರುದಿನ ಅವರಿಗೆ ಮುಳುವಾಯಿತು.

ಶನಿವಾರ ಬೆಳಗ್ಗೆ ರಶ್ಮಿತಾ ಎರಡು ಗಂಟೆ ಹೊತ್ತು ಗಾಳ ಬೀಸಿದಳು. ಮೀನುಗಳು ಹತ್ತಿರ ಬಂದವು, ನೋಡಿದವು, ಹೊರಳಿ ಹೋದವು.

"ಬರ್ತಾವ, ನೋಡ್ತಾವ, ಹೋಗ್ತಾವ. ಕನ್ಯಾ ನೋಡಾಕ ಬಂದಂಗ" ಎಂದ ಚನ್ನವೀರ. ಬಂಡೆಯ ಮೇಲೆ ಬೋರಲು ಬಿದ್ದು ನೀರೊಳಗೆ ಕಣ್ಣಿಟ್ಟ. "ಕೊನೀಗೆ ಕಟ್ಟೀರಲ್ಲ, ಅದೇನ್ರೀ?"

"ಲೀಡರ್. ಗಾಳದ ಹಿಂದಿನ ಎರಡು ಮಾರು ದಾರ. ಮೀನಿಗೆ ಕಾಣಬಾರ್ದು ಅಂತ."

"ನಂಗs ಕಾಣಾಕತ್ತೈತಿ! ಹಗ್ಗದಷ್ಟು ದಪ್ಪ ಐತಿ, ಮ್ಯಾಲೆ ಹಳದಿ ಬ್ಯಾರೆ."

ರಶ್ಮಿತಾ ದಾರವನ್ನು ಬಿಳಿ ಕಲ್ಲಿನ ಮೇಲೆ ಹಿಡಿದು ನೋಡಿದಳು. ಹೌದು, ಹಳದಿ! ದಪ್ಪ ನೈಲಾನ್ ತಂದದ್ದು ಅವಳೇ. ಕುಮಟೆಯ ಕಡಲಲ್ಲಿ ಮೀನು ಹಿಡಿದ ಅಪ್ಪ, ದಾರ ದಪ್ಪಗಿದ್ದರೆ ಧೈರ್ಯ ಎನ್ನುತ್ತಿದ್ದರು. ಆದರೆ ಹಳದಿ?

"ಅಮ್ಮ!" ಎಂದು ಹಣೆ ಚಚ್ಚಿಕೊಂಡಳು. ಆಯುಧಪೂಜೆಯ ದಿನ ಅವಳ ತಾಯಿ ಲೀಲಾವತಿ ಆಂಟಿ ಕಾರಿನ ಕೀಲಿ, ಸ್ಟೆತೊಸ್ಕೋಪುಗಳ ಪಕ್ಕದಲ್ಲೇ ಈ ದಾರದ ಸುರುಳಿಗಳನ್ನೂ ಇಟ್ಟು, ಗಂಡ ಉಣ್ಣುವಂತಾಗಲಿ ಎಂದು ಧಾರಾಳವಾಗಿ ಅರಿಶಿಣ ಕಲಸಿ ಬಳಿದಿದ್ದರು.

"ಹಡಗು ಹತ್ತೋ ಮುಂಚೆ ಇದನ್ನ ಸೋಪಲ್ಲಿ ತೊಳ್ದಿದ್ದೆವಲ್ಲ?" ಎಂದಳು.

"ನೈಲಾನ್ ಅಂದ್ರ ರೇಷ್ಮಿ ಜಾತೀದು ಅಕ್ಕಾ. ಬಣ್ಣ ಕುಡಿತಂದ್ರ ಬಿಡಂಗಿಲ್ಲ. ಬ್ಯಾರೆ ದಾರ ಐತೇನು?"

ಇನ್ನೊಂದು ಪುಟ್ಟ ಸುರುಳಿಯಿತ್ತು. ಅಂಗಡಿಯವನು ಒತ್ತಾಯ ಮಾಡಿ ಕೊಟ್ಟ ಫ್ಲೋರೋಕಾರ್ಬನ್ ದಾರ, ಕೂದಲಿನಷ್ಟು ಸಣ್ಣದು. ಅದಕ್ಕೂ ಪೂಜೆಯಾಗಿತ್ತು, ತೊಳೆಯುವುದು ಮಾತ್ರ ಬಿಟ್ಟುಹೋಗಿತ್ತು. ಚನ್ನವೀರ ಕರವಸ್ತ್ರದಿಂದ ಒಮ್ಮೆ ಒರೆಸಿದ. ಅರಿಶಿಣ ಬಟ್ಟೆಗೆ ಬಂತು, ದಾರ ತಿಳಿಯಾಯಿತು. ನೀರಿಗೆ ಬಿಟ್ಟರೆ ಕಾಣಿಸಲೇ ಇಲ್ಲ.

"ಇದು ಬಣ್ಣಾನs ಕುಡದಿಲ್ಲ ನೋಡ್ರಿ!" ಅವನ ಕಣ್ಣುಗಳು ಅರಳಿದವು.

"ಮೂರು ಕೆಜಿಗಿಂತ ಜಾಸ್ತಿ ತಡ್ಯೋದಿಲ್ಲ ಅದು. ತುಂಡಾದ್ರೆ?"

"ಕಾಣೋ ದಾರಕ್ಕ ಮೀನs ಬರಂಗಿಲ್ಲ. ತುಂಡಾಗೋ ಮಾತೆಲ್ಲಿ?"

ರೀಲಿನ ಹೆಣೆದ ದಾರಕ್ಕೆ ಈ ನುಣುಪು ದಾರವನ್ನು ಜೋಡಿಸಬೇಕಿತ್ತು. ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ಹೀಗೇ ಸಂಬಂಧ ಬೆಳೆಸುತ್ತಾರೆ; ಕುಣಿಕೆಯೊಳಗೆ ಕುಣಿಕೆ. ಅಜ್ಜಿಯ ಬೆರಳು ನೆನೆದು ಚನ್ನವೀರ ಗಂಟು ಹಾಕಿ ಜಗ್ಗಿದ. ಪಟ್ಟನೆ ಕಡಿಯಿತು.

"ಒಣಗಂಟು ಬಿಗಿದ್ರೆ ಬಿಸಿಯಾಗಿ ಕಡೀತದೆ. ಎಂಜಲು ಹಚ್ಚು" ಎಂದಳು ರಶ್ಮಿತಾ. ಅದು ಅಪ್ಪನ ಮಾತು, ಕಡಲಿಗೂ ಸರೋವರಕ್ಕೂ ಒಂದೇ.

ನಾಲಿಗೆಗೆ ತಾಗಿಸಿ, ನಿಧಾನಕ್ಕೆ ಬಿಗಿದ. ನಿಂತಿತು. ಆದರೆ ಸುರುಳಿಯಲ್ಲಿ ಮತ್ತೊಂದು ಲೀಡರಿಗೆ ಸಾಲುವಷ್ಟು ದಾರ ಉಳಿದಿರಲಿಲ್ಲ.

ಅಷ್ಟರಲ್ಲಿ ವಾಯವ್ಯದ ಗಾಳಿ ಎದ್ದಿತು. ರಶ್ಮಿತಾ ಬೀಸಿದಳು. ಒಂದು, ಎರಡು, ಮೂರನೆಯ ಸಲ ಕೋಲು ಬಾಗಿತು!

ರೀಲು ಚೀರಿತು. ಮೀನು ನೇರ ಮುಳುಗಿದ ಮರದ ಕಡೆ ಓಡಿತು. ರಶ್ಮಿತಾ ರೀಲನ್ನು ಅಂಗೈಯಿಂದ ಅದುಮಹೋದಳು.

"ಅದುಮಬ್ಯಾಡ್ರಿ! ಬಿಡ್ರಿ, ಓಡಲಿ!"

ಕೈ ತೆಗೆದಳು. ದಾರ ಸರಸರ ಬಿಚ್ಚಿಕೊಂಡಿತು. ಮರಕ್ಕೆ ಉಜ್ಜಿದರೆ ಮುಗಿಯಿತು. ಹಿಂದೆಮುಂದೆ ನೋಡದೆ ನೀರಿಗಿಳಿದಳು. ಮೊಣಕಾಲು, ತೊಡೆ, ಸೊಂಟ. ಹಿಮದ ನೀರಿಗೆ ಉಸಿರೇ ಕಟ್ಟಿತು. ಕೋಲನ್ನು ಪಕ್ಕಕ್ಕೆ ಮಲಗಿಸಿ ಎಳೆದಳು. ಮೀನು ತಿರುಗಿತು. ಅದು ಓಡಿದಾಗ ಬಿಟ್ಟಳು, ನಿಂತಾಗ ಸುತ್ತಿದಳು. ಕೊನೆಗೆ ಅದು ಸುಸ್ತಾಗಿ ಹೊಟ್ಟೆ ತೋರಿಸಿತು.

"ಬಲೆ ಹಿಡಿ, ಚನ್ನವೀರ!"

"ನಾನಾ?"

"ಮತ್ಯಾರು? ಇನ್ನೊಂದ್ಸಲ ಒದ್ರೆ ಹೋಯ್ತು!"

"ಶಿವಶಿವಾ" ಎಂದು ಕಣ್ಣು ಮುಚ್ಚಿ ಚನ್ನವೀರ ಬಲೆ ಒಡ್ಡಿದ. ಕಣ್ಣು ಬಿಟ್ಟಾಗ ಒಳಗೆ ಎರಡು ಕೆಜಿಯ ಟ್ರೌಟ್ ಹೊರಳುತ್ತಿತ್ತು. ಮೈಮೇಲಿನ ಚುಕ್ಕೆಗಳನ್ನು ಅವನು ಬಗ್ಗಿ ನೋಡಿದ್ದೇ ನೋಡಿದ್ದು.

ಹಿಂದಿರುಗಲು ಗೊತ್ತುಮಾಡಿದ್ದ ಬಾಡಿಗೆ ದೋಣಿ ಗಾಳಿಯಿಂದಾಗಿ ಬರಲಿಲ್ಲ. ಒದ್ದೆ ಬಟ್ಟೆ ಬದಲಿಸಿ, ಐಸ್ ಚೀಲದಲ್ಲಿ ಮೀನಿಟ್ಟು, ಸುರಿವ ಮಳೆಯಲ್ಲಿ ಅಷ್ಟೂ ದಾರಿ ಹಿಂದಕ್ಕೆ ನಡೆದರು. ಜಾರುವ ಬೇರುಗಳ ಮೇಲೆ ರಶ್ಮಿತಾ ಎರಡು ಸಲ ಬಿದ್ದಳು. ಚೀಲ ಚನ್ನವೀರನ ಬೆನ್ನೇರಿತು. ಕರಾರು ಅಷ್ಟರಲ್ಲಿ ಯಾರಿಗೂ ನೆನಪಿರಲಿಲ್ಲ.

ಭಾನುವಾರ ಸಂಜೆ ಲೀಲಾವತಿ ಆಂಟಿ ಮೀನನ್ನು ಮೆತ್ತಗೆ ಬೇಯಿಸಿ ಸಾರು ಮಾಡಿ, ಮುಳ್ಳು ಬಿಡಿಸಿ, ಗಂಡನ ಮುಂದಿಟ್ಟರು. ಅಂಕಲ್ ಒಂದು ತುತ್ತು ಬಾಯಿಗಿಟ್ಟರು. ಇನ್ನೊಂದು ತುತ್ತು. ಅವರ ಹುಬ್ಬು ಗಂಟಾಯಿತು. ರಶ್ಮಿತಾ ನೀರಿನ ಲೋಟಕ್ಕೆ ಕೈ ಚಾಚಿದಳು.

"ಲೀಲಾ, ಅರಿಶಿಣ ಜಾಸ್ತಿ ಹಾಕಿದ್ಯಲ್ಲೇ."

ಆಂಟಿ ಸೌಟು ಹಿಡಿದೇ ಕಣ್ಣೀರು ಹಾಕಿದರು. ಎಷ್ಟೋ ವಾರಗಳ ಮೇಲೆ ಅವರ ಅಡುಗೆಗೊಂದು ತಪ್ಪು ಸಿಕ್ಕಿತ್ತು. ಅಂಕಲ್ ಮಾತ್ರ ಗೊಣಗುತ್ತಲೇ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು.